ಸಿಂಚನಾ, ಡಿಗ್ರಿ ಮುಗಿಸಿ ಹೊರಡು

ಪ್ರೀತಿಯ ಸಿಂಚನಾ,

ಹೆಣ್ಣಾಗಿ ಬದುಕಲು ನೀನು ಆರಿಸಿಕೊಂಡ ಹೆಸರಿನಲ್ಲೇ ಬರೆಯುತ್ತಿದ್ದೇನೆ. ಮನೆಯಲ್ಲಿ ಆ ಹೆಸರು ಇನ್ನೂ ಯಾರ ಬಾಯಲ್ಲೂ ಬಂದಿಲ್ಲ ಅಂತ ಗೊತ್ತು. ನನ್ನಿಂದಲೇ ಶುರುವಾಗಲಿ.

ಕಾಲೇಜು ಬಿಟ್ಟು, ಮನೆ ಬಿಟ್ಟು ಬೆಂಗಳೂರಿಗೆ ಹೋಗ್ತೀನಿ, ಅಲ್ಲಿ ಹೇಗೋ ಆಗುತ್ತೆ ಅಂತ ಬರೆದಿದ್ದೀಯ. ಜೊತೆಗೆ ಜಾನಪದ ಕಲಾವಿದೆ ಜೋಗತಿ ಮಂಜಮ್ಮನವರು ಪದ್ಮಶ್ರೀ ತಗೊಳ್ಳುವ ವಿಡಿಯೋ ಕಳಿಸಿ, ಇವರೂ ಮನೆ ಬಿಟ್ಟೇ ಈ ಮಟ್ಟಕ್ಕೆ ಬಂದರು ಅಲ್ವಾ ಅತ್ತೆ ಅಂತ ಕೇಳಿದ್ದೀಯ. ಈ ಪತ್ರ ಆ ಪ್ರಶ್ನೆಗೆ.

ಆ ವಿಡಿಯೋ ನಾನೂ ಎಷ್ಟೋ ಸಲ ನೋಡಿದ್ದೇನೆ. 2021ರ ನವೆಂಬರ್. ಎದುರಿಗೆ ರಾಷ್ಟ್ರಪತಿ ರಾಮನಾಥ ಕೋವಿಂದರು. ಮಂಜಮ್ಮ ಸೆರಗು ಹಿಡಿದು ಅವರಿಗೆ ನಿವಾಳಿಸಿ, ದೃಷ್ಟಿ ತೆಗೆದು ನೆಲ ಮುಟ್ಟುತ್ತಾರೆ. ನಮ್ಮ ಕಡೆ ಅಜ್ಜಿಯರು ಮೊಮ್ಮಕ್ಕಳಿಗೆ ಮಾಡುವ ಹಾಗೇ. ನನಗೆ ಪ್ರತಿ ಸಲವೂ ಕಣ್ಣು ತುಂಬುತ್ತೆ. ಆದರೆ ಅದು ಒಂದು ನಿಮಿಷದ ವಿಡಿಯೋ ಕಣೇ. ಅದರ ಹಿಂದಿನ ವರ್ಷಗಳನ್ನು ನೀನು ನೋಡಬೇಕು.

ಅವರು ಬಳ್ಳಾರಿ ಜಿಲ್ಲೆಯ ಕಲ್ಲುಕಂಬದವರು, ಹುಟ್ಟಿದ್ದು ಗಂಡುಮಗುವಾಗಿ. ಎಸ್ಸೆಸ್ಸೆಲ್ಸಿ ತನಕ ಓದಿದ್ದರು. 1975ರಲ್ಲಿ ಮನೆಯವರು ಹುಲಿಗಿಯ ಹುಲಿಗೆಮ್ಮನ ಗುಡಿಗೆ ಕರೆದುಕೊಂಡು ಹೋದರು. ಅಲ್ಲಿ ಉಡಿದಾರ ಕತ್ತರಿಸಿ, ಲಂಗ, ರವಿಕೆ, ಬಳೆ ತೊಡಿಸಿ ಜೋಗತಿಯನ್ನಾಗಿ, ಅಂದರೆ ದೇವಿಗೆ ಬಿಟ್ಟ ಹೆಣ್ಣಾಗಿ, ಮಾಡಿದರು. ಹೆತ್ತ ತಾಯಿ ಮಗ ಸತ್ತನೇನೋ ಅನ್ನುವ ಹಾಗೆ ಅತ್ತರಂತೆ. ಆಮೇಲೆ ಆ ಮನೆಯಲ್ಲಿ ಅವರಿಗೆ ಜಾಗ ಇರಲಿಲ್ಲ. ವಿಷ ಕುಡಿದರು, ಹೇಗೋ ಉಳಿದರು. ಸೀರೆ ಉಟ್ಟು ಬೀದಿಯಲ್ಲಿ ಬೇಡಿದರು. ಒಂದು ದಿನ ಒಂದಷ್ಟು ಗಂಡಸರು ಅವರ ಮೇಲೆ ಅತ್ಯಾಚಾರ ಮಾಡಿ, ಕೈಯಲ್ಲಿದ್ದ ದುಡ್ಡನ್ನೂ ಕಿತ್ತುಕೊಂಡರು. ಇದನ್ನೆಲ್ಲ ಅವರೇ ಬಾಯಿಬಿಟ್ಟು ಹೇಳಿಕೊಂಡಿದ್ದಾರೆ. ಅದಕ್ಕೇ ನಿನಗೆ ಬರೆಯುವ ಧೈರ್ಯ ಮಾಡಿದೆ.

ಹಾಗಾಗಿ ಮನೆ ಬಿಟ್ಟಿದ್ದರಿಂದ ಅವರು ದೊಡ್ಡವರಾದರು ಅನ್ನಬೇಡ. ಮನೆ ಕೈಬಿಟ್ಟ ಮೇಲೂ ಬದುಕಿದರು, ಅದು ಅವರ ಗಟ್ಟಿತನ.

ಅವರ ಕೈಹಿಡಿದದ್ದು ವಿದ್ಯೆ. ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅಪ್ಪ ಹಾಡುತ್ತಿದ್ದ, ಮಗ ತಲೆ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಸಾಯಬೇಕು ಅಂದುಕೊಂಡಿದ್ದವರು ಅಲ್ಲಿ ನಿಂತು ನೋಡಿದರು. ಹೋಗಿ ಕಲಿಸಿ ಅಂತ ಕೇಳಿದರು. ಆ ಅಪ್ಪ, ಮಟ್ಟಿಕಲ್ ಬಸಪ್ಪ, ಜೋಗತಿ ಕುಣಿತ ಕಲಿಸಿದರು. ಸುಲಭದ ಕುಣಿತ ಅಲ್ಲ ಅದು. ಚೌಡಿಕೆ ಅನ್ನೋ ತಂತಿವಾದ್ಯ, ತಾಳದ ಗತಿಗೆ ಹೆಜ್ಜೆ ಹಾಕಬೇಕು, ಸೊಂಟ ಆಡಬೇಕು, ಆದರೆ ತಲೆ ಮೇಲಿನ ಕೊಡ ಬೀಳಬಾರದು. ಆಮೇಲೆ ಕಾಳವ್ವ ಜೋಗತಿಯ ಮೇಳ ಸೇರಿದರು. ಊರೂರು ಸುತ್ತಿ ಯಲ್ಲಮ್ಮನ ಆಟ ಆಡಿದರು. ಕಾಳವ್ವ ತೀರಿಕೊಂಡ ಮೇಲೆ ಮೇಳವನ್ನು ತಾವೇ ನಡೆಸಿದರು. ಗುಡಿಯ ಅಂಗಳದ ಕುಣಿತ ವೇದಿಕೆಗೆ ಬಂದು, ಜನ ಚಪ್ಪಾಳೆ ತಟ್ಟುವ ಹಾಗಾಯಿತು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ ಅವರೇ.

1975ರಿಂದ 2010ಕ್ಕೆ ಎಷ್ಟು ವರ್ಷ, ನೀನೇ ಲೆಕ್ಕ ಹಾಕು. ಅಷ್ಟು ವರ್ಷ ಅವರನ್ನು ಯಾರೂ ವಿಡಿಯೋ ಮಾಡಲಿಲ್ಲ.

ನಿನಗೆ ಉಳಿದಿರೋದು ಎರಡು ಸೆಮಿಸ್ಟರ್. ಅದನ್ನು ಮುಗಿಸು. ಮುಗಿಸಿ, ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಎಲ್ಲಿಗೆ ಬೇಕಾದರೂ ಹೊರಡು, ನಾನೇ ಬಸ್ ಹತ್ತಿಸುತ್ತೇನೆ. ಮಂಜಮ್ಮನ ಕಾಲದಲ್ಲಿ ಕಾನೂನು ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ನಿಮ್ಮ ಗುರುತನ್ನು ಒಪ್ಪಿತು. 2021ರಲ್ಲಿ ನಮ್ಮ ರಾಜ್ಯ ನಿಮಗೆ ಸರ್ಕಾರಿ ನೌಕರಿಯಲ್ಲಿ ಶೇ. 1 ಮೀಸಲಾತಿ ತಂದಿತು, ದೇಶದಲ್ಲೇ ಮೊದಲು. ಆದರೆ ಅರ್ಜಿ ಹಾಕೋಕೆ ಕೈಯಲ್ಲಿ ಡಿಗ್ರಿ ಬೇಕಲ್ಲ? ಸಿಟ್ಟಿನಲ್ಲಿ ಹೊರಟುಬಿಟ್ಟರೆ ನಿಮ್ಮಪ್ಪನಿಗೆ ನಷ್ಟ ಆಗೋದಿಲ್ಲ, ನಿನಗೆ ಆಗುತ್ತೆ.

ಇನ್ನೊಂದು ವಿಷಯ. ನಿನ್ನನ್ನು ಹುಲಿಗಿಗೆ ಕರೆದುಕೊಂಡು ಹೋಗಿ ಮುತ್ತು ಕಟ್ಟಿಸೋಣ, ಅಂದರೆ ಜೋಗತಿ ಮಾಡೋಣ ಅಂತ ಮನೆಯಲ್ಲಿ ಮಾತು ನಡೆದಿದೆಯಂತೆ. ಹುಲಿಗೆಮ್ಮನ ಮೇಲೆ ನನಗೂ ಭಕ್ತಿ ಇದೆ, ಹುಣ್ಣಿಮೆಗೆ ಹೋಗ್ತಾ ಇರ್ತೀನಿ. ಜೋಗತಿಯರ ಬಗ್ಗೆ ಗೌರವವೂ ಇದೆ. ಆದರೆ ಮಗುವನ್ನು ಮನೆಯಿಂದ ಆಚೆ ಹಾಕೋಕೆ ಅಮ್ಮನ ಹೆಸರು ಹೇಳೋದನ್ನು ನಾನು ಒಪ್ಪೋದಿಲ್ಲ. ನಿನಗೆ ಇಷ್ಟವಿಲ್ಲದಿದ್ದರೆ ಆಗೋದಿಲ್ಲ ಅಂತ ಹೇಳು. ಅತ್ತೆ ಬೇಡ ಅಂದಿದ್ದಾಳೆ ಅಂತಲೂ ಹೇಳು.

ನಿನ್ನಂಥವರ ಜೊತೆ ಪರಿಚಯ ಮಾಡಿಕೋ. ಹಿರಿಯರು ಸಿಕ್ಕರೆ ಅವರ ಮಾತು ಕೇಳು. ಸಿಗ್ನಲ್‌ನಲ್ಲಿ ಕೈಚಾಚುವವರನ್ನು ಕೀಳಾಗಿ ನೋಡಬೇಡ. ಅವರಲ್ಲಿ ಎಷ್ಟೋ ಜನರ ಮನೆಯ ಬಾಗಿಲು ನಿನ್ನ ವಯಸ್ಸಿಗೆ ಮುಂಚೆಯೇ ಮುಚ್ಚಿದೆ.

ಮನಸ್ಸಿಗೆ ತೀರಾ ಕೆಟ್ಟ ಯೋಚನೆ ಬಂದರೆ, ಅದು ಎಷ್ಟೇ ಹೊತ್ತಾಗಿರಲಿ, ಫೋನ್ ಮಾಡು. ಏನು ಮಾತಾಡಬೇಕು ಅಂತ ಗೊತ್ತಾಗದಿದ್ದರೂ ಮಾಡು.

ನಿಮ್ಮಪ್ಪನ ಹತ್ತಿರ ನಾನು ಮಾತಾಡ್ತೀನಿ. ತಮ್ಮ ಅಲ್ವಾ, ನನ್ನೆದುರು ಜಾಸ್ತಿ ದನಿ ಎತ್ತೋದಿಲ್ಲ. ಮನೆಯಲ್ಲಿ ಕೂತು ಓದೋಕೆ ಆಗದಿದ್ದರೆ ರಜೆಗೆ ಇಲ್ಲಿಗೆ ಬಾ, ಮೇಲಿನ ಕೋಣೆ ಖಾಲಿ ಇದೆ. ಬರುವಾಗ ಇಷ್ಟವಾದ ಬಟ್ಟೆಯನ್ನೇ ಹಾಕಿಕೊಂಡು ಬಾ. ಪರೀಕ್ಷೆ ಫೀಸು ಕಟ್ಟುವ ಕೊನೆ ದಿನ ಯಾವತ್ತು ಅಂತ ಮೊದಲು ತಿಳಿಸು.

ಇತಿ,
ನಿನ್ನ ಅತ್ತೆ