ಕ್ಯಾಮೆರಾ ಹಿಡಿದವನಿಗೂ ಕಿತ್ತಳೆ ಬಣ್ಣ ಬೇಕು

ಮ್ಯಾಡಿಸನ್, ವಿಸ್ಕಾನ್ಸಿನ್, ಅಮೆರಿಕ

ಪ್ರೀತಿಯ ನಿಖಿಲನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಟಿವಿಯ ಬೇಟೆ ಕಾರ್ಯಕ್ರಮದಲ್ಲಿ ನಿನಗೆ ಎರಡನೇ ಕ್ಯಾಮೆರಾದ ಕೆಲಸ ಸಿಕ್ಕಿದೆ ಅಂತ ಅಕ್ಕ ಫೋನ್ ಮಾಡಿ ಹೇಳಿದಳು. ಖುಷಿಗಿಂತ ಅವಳಿಗೆ ಗಾಬರಿಯೇ ಜಾಸ್ತಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಂದರೆ ಕಳ್ಳಬೇಟೆ ಅಂತಲೇ ಜನರ ಮನಸ್ಸಿನಲ್ಲಿ ಕೂತಿದೆ. ಇಲ್ಲಿ ಲೈಸೆನ್ಸ್ ಇದೆ, ಸೀಸನ್ ಇದೆ, ಕಾನೂನು ಇದೆ ಅಂತ ಅವಳಿಗೆ ಬಿಡಿಸಿ ಹೇಳಿದೆ. ಕೆಲಸ ಬಿಡು ಅಂತ ನಾನೇನೂ ಹೇಳುವುದಿಲ್ಲ. ಆದರೆ ಹೋಗುವ ಮುಂಚೆ ಈ ಪತ್ರವನ್ನು ಪೂರ್ತಿ ಓದು.

ನೀನು ಕಾಡಿಗೆ ಹೋಗುತ್ತಿರುವುದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ. ಇಲ್ಲಿ ಒಂಬತ್ತು ದಿನದ ಜಿಂಕೆ ಬೇಟೆ ಶುರುವಾಗುವುದೇ ಅವತ್ತು. ಈ ಸೀಸನ್ನಿಗೆ ಲೈಸೆನ್ಸ್ ತೆಗೆದುಕೊಳ್ಳುವವರು ಐದು ಲಕ್ಷಕ್ಕೂ ಜಾಸ್ತಿ. ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಇರುವಾಗಲೇ ಗುಂಡು ಹಾರಿಸಲು ಅನುಮತಿ ಇದೆ. ಆ ಮಬ್ಬಿನಲ್ಲಿ ಕಂದು ಬಣ್ಣದ್ದೇನಾದರೂ ಅಲ್ಲಾಡಿದರೆ ಎಲ್ಲರ ಕಣ್ಣೂ ಅಲ್ಲೇ.

ಅದಕ್ಕೇ ಇಲ್ಲಿನ ಕಾನೂನು ಸೊಂಟದ ಮೇಲಿನ ಹೊರಬಟ್ಟೆಯಲ್ಲಿ ಅರ್ಧದಷ್ಟಾದರೂ ಬ್ಲೇಜ್ ಆರೆಂಜ್, ಅಂದರೆ ಹೊಳೆಯುವ ಕಿತ್ತಳೆ ಬಣ್ಣ, ಇರಬೇಕು ಅನ್ನುತ್ತದೆ. ಟೋಪಿ ಹಾಕಿದರೆ ಅದರಲ್ಲೂ ಅರ್ಧ. 2016ರಿಂದ ಹೊಳೆಯುವ ಗುಲಾಬಿ ಬಣ್ಣವೂ ನಡೆಯುತ್ತದೆ. ಬಂದೂಕಿನ ಸೀಸನ್ ನಡೆಯುವಾಗ ಬಿಲ್ಲು ಹಿಡಿದು ಹೋದವನಿಗೂ ಇದೇ ನಿಯಮ. 'ನಾನು ಬೇಟೆಗಾರ ಅಲ್ವಲ್ಲ, ಕ್ಯಾಮೆರಾದವನು' ಅಂತ ವಾದ ಮಾಡಬೇಡ. ಇನ್ನೂರು ಗಜ ದೂರದಲ್ಲಿ ಕೂತವನಿಗೆ ನಿನ್ನ ಕೈಯಲ್ಲಿ ಏನಿದೆ ಅಂತ ಹೇಗೆ ಗೊತ್ತಾಗಬೇಕು?

ಈ ಕಾರ್ಯಕ್ರಮಗಳನ್ನು ನೀನು ನೋಡಿದ್ದೀಯ. ತೆರೆಯ ಮೇಲೆ ಎಷ್ಟೋ ಸಲ ಆರೆಂಜ್ ಕಾಣುವುದೇ ಇಲ್ಲ, ಮೈತುಂಬ ಎಲೆ ಕಡ್ಡಿಗಳ ಚಿತ್ತಾರ. ಅದಕ್ಕೆ ಕಾರಣಗಳಿವೆ. ಎಷ್ಟೋ ಕಂತುಗಳನ್ನು ಬಿಲ್ಲು ಬೇಟೆಯ ಸೀಸನ್ನಿನಲ್ಲಿ ತೆಗೆದಿರುತ್ತಾರೆ. ಜಿಂಕೆಗೆ ಬಂದೂಕು ಹಿಡಿಯದ ಆ ದಿನಗಳಲ್ಲಿ ಹೆಚ್ಚಿನ ರಾಜ್ಯಗಳು ಆರೆಂಜ್ ಕೇಳುವುದಿಲ್ಲ. ಟೆಕ್ಸಾಸ್‌ನಂಥ ರಾಜ್ಯದಲ್ಲಿ ಖಾಸಗಿ ಜಮೀನಿನಲ್ಲಿ ಬಂದೂಕು ಹಿಡಿದರೂ ಕಡ್ಡಾಯವಿಲ್ಲ. ಅಲ್ಲಿ ಸಾವಿರಾರು ಎಕರೆಯ ರ‍್ಯಾಂಚ್, ಬೇಲಿಯೊಳಗೆ ಬೇರೆ ಯಾರೂ ಇರುವುದಿಲ್ಲ. ಜೊತೆಗೆ ಆ ಚಿತ್ತಾರದ ಕ್ಯಾಮಫ್ಲಾಜ್ ಬಟ್ಟೆ ಮಾರುವ ಕಂಪನಿಗಳೇ ಇಂಥ ಕಾರ್ಯಕ್ರಮಗಳಿಗೆ ದುಡ್ಡು ಹಾಕುತ್ತವೆ, ತಮ್ಮ ಬಟ್ಟೆ ಕಾಣಲಿ ಅಂತ ಅವರಿಗೆ ಆಸೆ. ಇದ್ಯಾವುದನ್ನೂ ನೋಡುವವರಿಗೆ ಹೇಳುವುದಿಲ್ಲ. ಅದನ್ನೇ ನೋಡಿ ಬೆಳೆದ ಹುಡುಗ ವಿಸ್ಕಾನ್ಸಿನ್‌ನ ಸರ್ಕಾರಿ ಕಾಡಿಗೂ ಹಾಗೇ ಹೋದರೆ ಗತಿ ಏನು? ನನಗೆ ಈ ವಿಷಯದಲ್ಲಿ ನಿಜವಾಗಿಯೂ ಸಂಕಟವಾಗುತ್ತದೆ.

ಆರೆಂಜ್ ಹಾಕಿದರೆ ಜಿಂಕೆ ಓಡಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಬಣ್ಣ ಗುರುತಿಸುವ ಕೋಶಗಳು ನಮ್ಮ ಕಣ್ಣಲ್ಲಿ ಮೂರು ಬಗೆ, ಜಿಂಕೆಯ ಕಣ್ಣಲ್ಲಿ ಎರಡೇ ಬಗೆ. ನಮಗೆ ಕಣ್ಣು ಕುಕ್ಕುವ ಕಿತ್ತಳೆ ಅದಕ್ಕೆ ಕಾಡಿನ ಉಳಿದ ಬಣ್ಣಗಳ ಜೊತೆ ಕಲೆಸಿಹೋಗುತ್ತದೆ. ನೀಲಿ ಮಾತ್ರ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ನಿನ್ನ ಜೀನ್ಸ್ ಪ್ಯಾಂಟನ್ನು ಮನೆಯಲ್ಲೇ ಬಿಟ್ಟುಹೋಗು.

ಈಗ ಕ್ಯಾಮೆರಾದವನಿಗೇ ಇರುವ ತೊಂದರೆಗಳು. ನೀನು ತೋಳಿಲ್ಲದ ಆರೆಂಜ್ ವೆಸ್ಟ್ ಹಾಕುತ್ತೀಯ, ಸರಿ. ಅದರ ಮೇಲೆ ಕ್ಯಾಮೆರಾದ ಬ್ಯಾಗು ಬೆನ್ನಿಗೇರುತ್ತದೆ. ಬ್ಯಾಗು ಕಪ್ಪು. ಹಿಂದಿನಿಂದ ನೋಡಿದರೆ ಆರೆಂಜ್ ಮಾಯ. ಚಳಿ ಜಾಸ್ತಿಯಾಗಿ ಮೇಲೊಂದು ಜಾಕೆಟ್ ಹಾಕಿದರೆ ಮುಂದಿನದೂ ಮಾಯ. ಹಾಗಾಗಿ ಬ್ಯಾಗಿಗೇ ಒಂದು ಆರೆಂಜ್ ಹೊದಿಕೆ ಹಾಕು. ವೆಸ್ಟ್ ದೊಡ್ಡ ಅಳತೆಯದು ತಗೋ, ಜಾಕೆಟ್ ಮೇಲೂ ಬರಬೇಕು. ಹಳೆಯದನ್ನು ಯಾರಾದರೂ ಕೊಟ್ಟರೆ ಬೇಡ ಅನ್ನು. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ ಕಿತ್ತಳೆಯಾಗಿ ಹೊರಬಿಡುವುದರಿಂದಲೇ ಆ ಬಟ್ಟೆ ಮಬ್ಬಿನಲ್ಲೂ ಅಷ್ಟು ಹೊಳೆಯುವುದು. ಬಿಸಿಲಿಗೆ ಬಿದ್ದು ಒಗೆದು ಒಗೆದು ಆ ಗುಣ ಹೋಗಿಬಿಡುತ್ತದೆ.

ಬಿಳಿ ಬಣ್ಣದ್ದು ಯಾವುದೂ ಹೊರಗೆ ಕಾಣಬಾರದು, ಕರ್ಚೀಫೂ ಸಹ. ಇಲ್ಲಿಯ ಜಿಂಕೆ ಬೆದರಿದಾಗ ಬಾಲ ಎತ್ತುತ್ತದೆ, ಬಾಲದ ಅಡಿ ಬೆಳ್ಳಗಿರುತ್ತದೆ. 1988ರ ನವೆಂಬರ್‌ನಲ್ಲಿ ಮೇನ್ ರಾಜ್ಯದ ಹರ್ಮನ್ ಎಂಬ ಊರಿನಲ್ಲಿ ಅವಳಿ ಕೂಸುಗಳ ತಾಯಿಯೊಬ್ಬಳು ತನ್ನ ಮನೆಯ ಹಿಂದೆಯೇ ಬೇಟೆಗಾರನ ಗುಂಡಿಗೆ ಸತ್ತಳು. ಕೈಯಲ್ಲಿ ಬಿಳಿ ಗವಸು ಹಾಕಿಕೊಂಡಿದ್ದಳು. ಗುಂಡು ಹಾರಿಸಿದವನನ್ನು ಕೋರ್ಟು ಬಿಟ್ಟುಬಿಟ್ಟಿತು. ನೀವು ಬಣ್ಣ ಸರಿಹೊಂದಿಸಲು, ಅಂದರೆ ವೈಟ್ ಬ್ಯಾಲೆನ್ಸ್ ನೋಡಲು, ಬಿಳಿ ಕಾರ್ಡು ಹಿಡಿಯುತ್ತೀರಲ್ಲ, ಆ ಕೆಲಸವನ್ನು ಗಾಡಿಯ ಒಳಗೇ ಮುಗಿಸಿಕೋ. ಮರದ ನಡುವೆ ಅದನ್ನು ಅಲ್ಲಾಡಿಸಬೇಡ.

ಮರದ ಮೇಲೆ ಕೂತು ತೆಗೆಯುವುದಾದರೆ ಬೇಟೆಗಾರನ ಹಿಂದೆ, ಅವನಿಗಿಂತ ಸ್ವಲ್ಪ ಎತ್ತರದಲ್ಲಿ ನಿನ್ನ ಜಾಗ. ಅವನ ಭುಜದ ಮೇಲಿಂದ ಜಿಂಕೆ ಕಾಣಬೇಕು, ಅದಕ್ಕೆ. ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗೂ ಬೀಳದಂತೆ ಮೈಗೆ ಕಟ್ಟುವ ಪಟ್ಟಿ, ಹಾರ್ನೆಸ್, ಹಗ್ಗಕ್ಕೆ ಸಿಕ್ಕಿಸಿಯೇ ಇರಲಿ. ಕ್ಯಾಮೆರಾ ಹಿಡಿದುಕೊಂಡು ಹತ್ತಬೇಡ, ಹತ್ತಿ ಕೂತ ಮೇಲೆ ಹಗ್ಗದಲ್ಲಿ ಎಳೆದುಕೋ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಬೇಟೆಗಾರ ಗುರಿ ಹಿಡಿದ ಮುಖ, ಬಂದೂಕಿನ ನಳಿಗೆ ನೇರ ನಮ್ಮ ಕಡೆಗೆ, ಇಂಥ ಶಾಟ್ ಪ್ರತಿ ಕಂತಿನಲ್ಲೂ ಬರುತ್ತದಲ್ಲ? ಅದು ಆ ಹೊತ್ತಿನಲ್ಲಿ ತೆಗೆದದ್ದಲ್ಲ. ಜಿಂಕೆ ಬಿದ್ದ ಮೇಲೆ ಅದೇ ಜಾಗದಲ್ಲಿ ಅವನನ್ನು ಮತ್ತೆ ಕೂರಿಸಿ, ಮುಂದಿನಿಂದ ತೆಗೆದು, ನಡುವೆ ಸೇರಿಸುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಆಗ ನಳಿಗೆಯ ಮುಂದೆ ನಿಲ್ಲುವವನು ನೀನು. ಬೇಟೆ ಆಯ್ತು ಅಂತ ಎಲ್ಲರ ಮೈ ಸಡಿಲವಾಗಿರುತ್ತದೆ, ಬೆಳಕು ಹೋಗುತ್ತಿದೆ ಅಂತ ಅವಸರವೂ ಇರುತ್ತದೆ. ಬಂದೂಕು ಖಾಲಿ ಅಂತ ಬಾಯಲ್ಲಿ ಹೇಳಿದರೆ ಸಾಲದು. ಗುಂಡು ಕೂರುವ ಜಾಗ ಮುಚ್ಚುವ ಬೋಲ್ಟ್ ತೆಗೆಸಿ, ಒಳಗೆ ನೀನೇ ಇಣುಕಿ ನೋಡು. ಆಮೇಲೆ ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ, ರೆಕಾರ್ಡ್ ಒತ್ತಿ, ನೀನು ಪಕ್ಕಕ್ಕೆ ಬಂದುಬಿಡು. 2021ರಲ್ಲಿ ನ್ಯೂ ಮೆಕ್ಸಿಕೋದ ಸಿನಿಮಾ ಸೆಟ್ಟಿನಲ್ಲಿ ನಟನ ಕೈಯಲ್ಲಿದ್ದ ಬಂದೂಕಿನ ಗುಂಡಿಗೆ ಛಾಯಾಗ್ರಾಹಕಿ ಸತ್ತದ್ದು ನಿನಗೆ ಗೊತ್ತೇ ಇದೆ. ಅಲ್ಲೂ ಆ ಬಂದೂಕಿನಲ್ಲಿ ನಿಜವಾದ ಗುಂಡು ಇಲ್ಲ ಅಂತಲೇ ಎಲ್ಲರೂ ನಂಬಿದ್ದರು.

'ಈ ಒಂದು ಶಾಟ್‌ಗೆ ವೆಸ್ಟ್ ತೆಗಿ, ಫ್ರೇಮಿನಲ್ಲಿ ಕಾಣ್ತಿದೆ' ಅಂತ ಯಾರಾದರೂ ಹೇಳಬಹುದು. ಹೊಸಬ ಅಲ್ವಾ, ಇಲ್ಲ ಅನ್ನಲು ನಾಲಿಗೆ ಏಳುವುದಿಲ್ಲ. ಅದಕ್ಕೇ ಶುಕ್ರವಾರ ರಾತ್ರಿಯೇ ಪ್ರೊಡ್ಯೂಸರ್ ಹತ್ತಿರ ಮಾತಾಡಿಬಿಡು. ಜಮೀನು ಯಾರದ್ದು, ಪಕ್ಕದ ಜಮೀನಿನಲ್ಲಿ ಯಾರು ಬೇಟೆಗೆ ಬಂದಿದ್ದಾರೆ, ನಳಿಗೆಯ ಎದುರಿನಿಂದ ತೆಗೆಯುವ ಶಾಟ್‌ಗಳಿಗೆ ಬಂದೂಕು ನೋಡಿ ಖಾತ್ರಿ ಮಾಡುವವರು ಯಾರು ಅಂತ ಕೇಳು. ವೆಸ್ಟ್ ತೆಗೆಯುವುದಿಲ್ಲ ಅಂತಲೂ ಆಗಲೇ ಹೇಳು. ಇದಕ್ಕೆ ಮುಖ ಸಿಂಡರಿಸುವ ತಂಡವಾದರೆ ವಾಪಸ್ ಬಾ. ಕೈಬಿಟ್ಟ ಸಂಬಳ ನಾನು ಕೊಡುತ್ತೇನೆ.

ಒಂದು ವೆಸ್ಟು, ಟೋಪಿ, ಬ್ಯಾಗಿನ ಹೊದಿಕೆ ಈ ಪತ್ರದ ಜೊತೆಗೇ ಕಳಿಸಿದ್ದೇನೆ. ಟೋಪಿ ಬಿಗಿಯಾದರೆ ಹೇಳು, ಇನ್ನೂ ದೊಡ್ಡದು ಅಂಗಡಿಯಲ್ಲಿ ಇದೆ. ಅಕ್ಕನಿಗೆ ಶುಕ್ರವಾರ ಫೋನ್ ಮಾಡು, ಕಾಡಿನೊಳಗೆ ಸಿಗ್ನಲ್ ಸಿಗುವುದಿಲ್ಲ.

ಇಂತಿ,
ನಿನ್ನ ಮಾವ