ಯಾರನ್ನ ಬೈಯಲಿ ಅಂತ ಕೇಳಿದ್ದೀಯಲ್ಲ

ವಿಜಯಪುರ
ಭಾನುವಾರ

ಚಿ. ಗೌರಿಗೆ ಕಾಕಾನ ಆಶೀರ್ವಾದ.

ಇಲ್ಲಿ ಎಲ್ಲರೂ ಆರಾಮ. ಮಿಕ್ಕ ಸುದ್ದಿಯನ್ನು ನಿಮ್ಮವ್ವ ದಿನಾ ಫೋನಿನಲ್ಲಿ ಹೇಳುತ್ತಲೇ ಇರುತ್ತಾರೆ, ನಾನು ಮತ್ತೆ ಬರೆಯುವುದು ಏನೂ ಇಲ್ಲ.

ನೀನು ಕಳಿಸಿದ ಉದ್ದ ಮೆಸೇಜು ಓದಿದೆ. ಮೂರು ಸೈಕಲ್ಲಿನ ಫೋಟೋ, ಜೊತೆಗೆ ಆ ಪಟ್ಟಿ. ಫ್ರೇಮು, ಫೋರ್ಕು, ಗೇರು, ತೂಕ, ಬೆಲೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದೆ. ಅದಕ್ಕೆಲ್ಲ ಉತ್ತರ ಕೊಡೋಣ ಅಂತಲೇ ಕೂತಿದ್ದು. ಆದರೆ ಕೊನೆಯಲ್ಲಿ ನಗುವ ಮುಖ ಹಾಕಿ ಒಂದು ಮಾತು ಬರೆದಿದ್ದೀಯಲ್ಲ, ಅಲ್ಲೇ ನಿಂತುಬಿಟ್ಟೆ. "ಈಗ ಹಿಂದೆ ಬಿದ್ದರೆ ಸೈಕಲ್ಲನ್ನ ಬೈತೀನಿ. ಹೊಸದು ತಗೊಂಡ ಮೇಲೂ ನಾನೇ ಕೊನೆಗೆ ಬಂದರೆ ಯಾರನ್ನ ಬೈಯಲಿ ಕಾಕಾ?"

ನೀನು ತಮಾಷೆಗೆ ಬರೆದಿರಬಹುದು. ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಫೋನಿನಲ್ಲಿ ಮಾತಾಡಿದರೆ ಪಡಸಾಲೆಗೆಲ್ಲ ಕೇಳಿಸುತ್ತೆ. ಅದಕ್ಕೇ ಕಾಗದ.

ಮೊದಲು ನನಗೆ ತಿಳಿದಷ್ಟು ಹೇಳಿಬಿಡುತ್ತೇನೆ. ಜಾಸ್ತಿ ತಿಳಿದಿಲ್ಲ. ನಾನು ತುಳಿದದ್ದು ಒಂದೇ ಗೇರಿನ ಅಟ್ಲಾಸ್, 20 ಕಿಲೋ ಹತ್ತಿರ ಇತ್ತು. ಈಗಿನದ್ದನ್ನೆಲ್ಲ ಬೆಳಿಗ್ಗೆ ವಾಕಿಂಗ್ ಹೋದಾಗ ಸೈಕಲ್ ಪ್ರಾಕ್ಟೀಸಿಗೆ ಬರುವ ಹುಡುಗರನ್ನು ಕೇಳಿ ತಿಳಿದುಕೊಂಡೆ. ನಮ್ಮೂರು ಗೊತ್ತಲ್ಲ, ಇನ್ನೂ ಕತ್ತಲಿದ್ದಾಗಲೇ ಹುಡುಗ ಹುಡುಗಿಯರು ರಸ್ತೆಗೆ ಇಳಿದಿರುತ್ತಾರೆ. ವಿಜಯಪುರ, ಬಾಗಲಕೋಟೆಯ ಮಕ್ಕಳು ನ್ಯಾಷನಲ್ಸ್‌ನಲ್ಲಿ ಪದಕ ತರುವುದು ಇಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಅವರಲ್ಲಿ ಒಬ್ಬ ಟೀ ಕುಡಿಯಲು ನಿಂತಿದ್ದ. ನಿನ್ನ ಪಟ್ಟಿ ತೋರಿಸಿದೆ. ಅವನು ಗೇರಿನ ಸಾಲು ಬಿಟ್ಟು ಮೊದಲು ಅಳತೆ ನೋಡಿದ. "ಅಕ್ಕಾರ ಎತ್ತರ ಎಷ್ಟ್ರಿ?" ಅಂದ. ಐದು ಅಡಿ ಎರಡು ಇಂಚು ಅಂದೆ. ಹಾಗಾದರೆ ಎರಡನೆಯದು ದೊಡ್ಡದಾಗುತ್ತೆ, ಎಷ್ಟೇ ಡಿಸ್ಕೌಂಟ್ ಇದ್ದರೂ ಬೇಡ ಅಂದ. ಸಣ್ಣ ಅಳತೆ ಸ್ಟಾಕ್ ಇಲ್ಲದಿದ್ದರೆ ಅಂಗಡಿಯವರು "ಸೀಟು ಇಳಿಸಿದರಾಯ್ತು" ಅಂತ ದೊಡ್ಡದನ್ನೇ ಕೊಡುತ್ತಾರಂತೆ. ಸೀಟು ಇಳಿಯುತ್ತೆ, ನಿಜ. ಹ್ಯಾಂಡಲ್ ಹತ್ತಿರ ಬರುವುದಿಲ್ಲ. ಕೈ ಚಾಚಿ ಚಾಚಿ ಕುತ್ತಿಗೆ ಹಿಡಿದುಕೊಳ್ಳುತ್ತೆ. ಇದೊಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮಿಕ್ಕಿದ್ದು ನಿನ್ನ ಇಷ್ಟ.

ಮತ್ತೆ ಅದೇ ಮಾತಿಗೆ ಬರುತ್ತೇನೆ. ಯಾರನ್ನ ಬೈಯಲಿ.

ನಾನು ಜಾತ್ರೆಯ ರೇಸಿನಲ್ಲಿ ಅಟ್ಲಾಸ್ ಮೇಲೆ ನಾಲ್ಕನೆಯವನಾಗಿ ಬಂದದ್ದು ನಿನಗೆ ಗೊತ್ತು. ದೀಪಾವಳಿಗೆ ಬಂದಾಗಲೆಲ್ಲ ಕೇಳಿದ್ದೀ, ಮತ್ತೆ ಹೇಳುವುದಿಲ್ಲ. ಅದರ ಮುಂದಿನ ಮಾತೂ ಗೊತ್ತು. "ಕಾಕಾನಿಗೆ ರೇಸ್ ಸೈಕಲ್ ಸಿಕ್ಕಿದ್ದರೆ ರೈಲ್ವೆ ಟೀಮಿನಲ್ಲಿ ಇರ್ತಿದ್ದ. ಅಜ್ಜ ದುಡ್ಡು ಕೊಡಲಿಲ್ಲ." ಮನೆಯಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. ಹಾಗೆ ಹೇಳಿಕೊಟ್ಟವನು ನಾನೇ.

ಅದು ಸುಳ್ಳು, ಗೌರಿ.

1984. ಊರಿನ ಹೆಸರು ಇನ್ನೂ ಬಿಜಾಪುರವೇ. ನನಗೆ 19 ವರ್ಷ. ನನಗಿಂತ ದೊಡ್ಡವನೊಬ್ಬನಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆ ಕೆಲಸ ಸಿಕ್ಕಿತ್ತು. ಅವನ ಹಳೇ ರೇಸ್ ಸೈಕಲ್ಲನ್ನು 1400 ರೂಪಾಯಿಗೆ ಕೊಡುತ್ತೇನೆ, ಎಂಟು ದಿನ ಇಟ್ಟುಕೊಂಡು ನೋಡು ಅಂದ. ಬಾಗಿದ ಹ್ಯಾಂಡಲ್, ಫ್ರೇಮಿನ ಕೊಳವೆ ಮೇಲೇ ಗೇರಿನ ಕಡ್ಡಿಗಳು, ರಿಮ್ಮಿಗೆ ಅಂಟು ಹಾಕಿ ಕೂರಿಸುವ ಟೈರು. ಒಂದೇ ಕೈಯಲ್ಲಿ ಎತ್ತಬಹುದಿತ್ತು. ಅಜ್ಜನಿಗೆ ಹೇಳಿದೆ. ಅಜ್ಜ ಏನೂ ಮಾತಾಡಲಿಲ್ಲ. ಮೂರನೇ ದಿನ ಶೇಂಗಾ ಮಾರಿ ಬಂದವರು, ಧೋತರದ ಗಂಟು ಬಿಚ್ಚಿ 1400 ಎಣಿಸಿ ನನ್ನ ಕೈಗೆ ಕೊಟ್ಟರು.

ಕೊಟ್ಟರು. ಈ ಒಂದು ಮಾತು ಬರೆಯುವುದಕ್ಕೆ ನನಗೆ 40 ವರ್ಷ ಹಿಡಿಯಿತು ನೋಡು.

ಮಾರನೇ ದಿನ ನಸುಕಿನಲ್ಲಿ ಆ ಸೈಕಲ್ ಹತ್ತಿ ಕೋಲ್ಹಾರದ ಕಡೆ ಹೊರಟೆ. ಅಟ್ಲಾಸ್ ಮೇಲೆ ಆ ದಾರಿಗೆ ನನಗೆ ಎಷ್ಟು ಹೊತ್ತು ಬೇಕು ಅಂತ ನಿಮಿಷದ ಲೆಕ್ಕದಲ್ಲಿ ಗೊತ್ತಿತ್ತು. ಹೊರಡುವ ಮುಂಚೆ ಏನು ಮಾಡಿದೆ ಗೊತ್ತಾ? ಕೈಗಡಿಯಾರ ಬಿಚ್ಚಿ ಗೂಟಕ್ಕೆ ನೇತುಹಾಕಿದೆ. ಬೀಳಬಹುದು, ಒಡೆಯಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ಸೈಕಲ್ ಚೆನ್ನಾಗಿಯೇ ಓಡಿತು. ಆದರೆ ನಾನು ಅಂದುಕೊಂಡಿದ್ದಂತೆ ಹಾರಲಿಲ್ಲ. ದಿಬ್ಬ ಬಂದಾಗ ಕಾಲು ಅಷ್ಟೇ ಉರಿಯಿತು, ಎದೆ ಅಷ್ಟೇ ಹೊಡೆದುಕೊಂಡಿತು. ಕೋಲ್ಹಾರದಲ್ಲಿ ಒಂದು ಕುಡಿಕೆ ಮೊಸರು ತಿಂದು ಕೂತೆ. ಅಲ್ಲಿ ಕೂತಾಗಲೇ ಹೊಟ್ಟೆಯಲ್ಲಿ ಏನೋ ಶುರುವಾಯಿತು. ಅಟ್ಲಾಸ್ ಮೇಲೆ ನಾಲ್ಕನೆಯವನಾದರೆ ಊರೆಲ್ಲ "ಭಪ್ಪರೆ" ಅನ್ನುತ್ತೆ. ಇದರ ಮೇಲೆ ನಾಲ್ಕನೆಯವನಾದರೆ? ಆರನೆಯವನಾದರೆ?

ಎಂಟನೇ ದಿನ ಸೈಕಲ್ ವಾಪಸ್ ಕೊಟ್ಟೆ. ಅವನಿಗೆ "ಅಪ್ಪ ದುಡ್ಡು ಕೊಡಲಿಲ್ಲ" ಅಂದೆ. ಅಪ್ಪನಿಗೆ "ಅವನು ಬೇರೆಯವರಿಗೆ ಮಾರಿಬಿಟ್ಟ" ಅಂದೆ. ಅಪ್ಪ ದುಡ್ಡು ವಾಪಸ್ ತೆಗೆದುಕೊಂಡು "ಹೋಗ್ಲಿ ಬಿಡು, ಇನ್ನೊಂದು ಸಿಗ್ತೈತಿ" ಅಂದರು. ಆ 1400 ಮುಂದಿನ ಮುಂಗಾರಿನವರೆಗೂ ಟ್ರಂಕಿನಲ್ಲಿ ಬೇರೆಯಾಗಿಯೇ ಇತ್ತು. ಆಮೇಲೆ ಬೀಜ ಗೊಬ್ಬರಕ್ಕೆ ಹೋಯಿತು.

ನಿಮ್ಮಪ್ಪನ ಮದುವೆಯಲ್ಲಿ ಬೀಗರ ಮುಂದೆ ನಾನು ಅದೇ ಕಥೆ ಹೇಳಿದೆ. ನಿಮ್ಮಜ್ಜ ಅಲ್ಲೇ ಎಲೆ ಅಡಿಕೆ ತಟ್ಟೆ ಮುಂದೆ ಕೂತಿದ್ದರು. ನನ್ನನ್ನು ಒಂದು ಸಲ ನೋಡಿದರು. ಮತ್ತೆ ಎಲೆಗೆ ಸುಣ್ಣ ಹಚ್ಚತೊಡಗಿದರು. ಅವರು ಹೋಗುವವರೆಗೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ನಿನ್ನ ಸಾಲು ಓದಿದಾಗ ಯಾಕೆ ನಿದ್ದೆ ಬರಲಿಲ್ಲ ಅಂತ ಈಗ ತಿಳಿಯಿತಾ? ನನಗೆ ಬೈಯಲು ಸೈಕಲ್ ಇರಲಿಲ್ಲ, ಅಪ್ಪನನ್ನು ಹಿಡಿದುಕೊಂಡೆ.

ಅಯ್ಯೋ, ನಿನ್ನ ಗೇರಿನ ಪ್ರಶ್ನೆ ಅಲ್ಲೇ ಉಳಿಯಿತು. ಆ ಹುಡುಗ ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಶಿಮಾನೋ ಕಂಪನಿಯ ಗೇರಿನಲ್ಲಿ ಕ್ಲಾರಿಸ್ ಅಂದರೆ ಹಿಂದೆ 8 ಗೇರು, ಸೋರಾ 9, ಟಿಯಾಗ್ರಾ 10, ಅದರ ಮೇಲಿನದು 105. ಅದು ಮೊದಲು 11 ಇತ್ತು, ಈಗ 12. ಮೇಲಕ್ಕೆ ಹೋದಂತೆ ಗೇರು ಬೀಳುವುದು ನಯವಾಗುತ್ತೆ, ಒಂದು ಗೇರಿಗೂ ಇನ್ನೊಂದಕ್ಕೂ ಅಂತರ ಕಡಿಮೆಯಾಗುತ್ತೆ. ಅದರಿಂದ ನಿನ್ನ ಕಾಲಿಗೆ ಹೊಸ ಬಲ ಬರುವುದಿಲ್ಲ. ನಿನ್ನ 80 ಸಾವಿರದೊಳಗೆ ಸೋರಾ ಸಾಕು ಅಂತ ನನಗನ್ನಿಸುತ್ತೆ. ಟಿಯಾಗ್ರಾ ಸಿಕ್ಕರೆ ಖುಷಿ. ತಪ್ಪಿದ್ದರೆ ಕ್ಷಮಿಸು. ಅದಕ್ಕಿಂತ ಹಲ್ಲಿನ ಲೆಕ್ಕ ನೋಡು. ಮುಂದೆ ಸಣ್ಣ ಚಕ್ರಕ್ಕೆ 34 ಹಲ್ಲು, ಹಿಂದೆ ದೊಡ್ಡದಕ್ಕೆ 32 ಇದ್ದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂದಿನ ಗಾಲಿಯೂ ಹೆಚ್ಚು ಕಡಿಮೆ ಒಂದೇ ಸುತ್ತು ತಿರುಗುತ್ತೆ. ನನ್ನ ಅಟ್ಲಾಸಿನಲ್ಲಿ ಎರಡು ಸುತ್ತಿಗಿಂತ ಜಾಸ್ತಿ ತಿರುಗುತ್ತಿತ್ತು, ಅದಕ್ಕೇ ದಿಬ್ಬದಲ್ಲಿ ಮಂಡಿ ಮುರಿಯುತ್ತಿತ್ತು. ನಂದಿ ಬೆಟ್ಟ ಮೇಲಕ್ಕೆ ಹೋದಂತೆ ಕಡಿದಾಗುತ್ತೆ ಅಂದಿದ್ದೆಯಲ್ಲ, ಅಲ್ಲಿ ಈ 32 ನಿನ್ನನ್ನು ಇಳಿದು ತಳ್ಳುವುದರಿಂದ ಉಳಿಸುತ್ತೆ. ಟೈರು 28 ಮಿಲಿಮೀಟರ್ ಇರಲಿ, ಬೆಂಗಳೂರಿನ ರಸ್ತೆಗೆ ಅದಕ್ಕಿಂತ ಸಣ್ಣದು ಬೇಡ.

ಇನ್ನು ನಿನ್ನ ಭಯಕ್ಕೆ ಒಂದು ಲೆಕ್ಕ ಹಾಕಿದೆ. ಬ್ಯಾಂಕಿನವನಿಗೆ ಬೇರೇನು ಬರುತ್ತೆ. ನೀನು 58 ಕಿಲೋ, ಈಗಿನ ಸೈಕಲ್ 14, ಸೇರಿ 72. ಹೊಸದು 10 ಕಿಲೋ ಅಂದರೆ 68. ಬೆಟ್ಟ ಹತ್ತುವಾಗ ಹೊರುವ ಭಾರವೇ ಮುಖ್ಯ. ಆ ಲೆಕ್ಕದಲ್ಲಿ ನಿನಗೆ 40 ನಿಮಿಷ ಹಿಡಿಯುವ ಏರಿನಲ್ಲಿ ಉಳಿಯುವುದು ಸುಮಾರು 2 ನಿಮಿಷ. ಸಪಾಟು ರಸ್ತೆಯಲ್ಲಿ ಬಗ್ಗಿ ಕೂರುವುದರಿಂದ ಗಾಳಿ ಕಡಿಮೆ ತಗಲುತ್ತೆ, ಅಲ್ಲಿ ಇನ್ನೂ ಒಳ್ಳೆ ಲಾಭ ಇದೆ. ಆದರೆ ಬೆಟ್ಟದಲ್ಲಿ 2 ನಿಮಿಷ. ನಿನ್ನ ಗೆಳತಿಯರು ನಿನಗಾಗಿ ಮೇಲೆ ಎಂಟು ನಿಮಿಷ ಕಾಯುತ್ತಾರೆ ಅಂದಿದ್ದೀ. ಹಾಗಾದರೆ ಇನ್ನು ಆರು ನಿಮಿಷ ಕಾಯುತ್ತಾರೆ.

ಹೌದು, ಹೊಸ ಸೈಕಲ್ ಮೇಲೂ ನೀನೇ ಕೊನೆಗೆ ಬರಬಹುದು. ಬರುವುದಿಲ್ಲ ಅಂತ ಸಮಾಧಾನಕ್ಕೆ ಬರೆಯಬಹುದಿತ್ತು, ನಿನಗೆ ಸುಮ್ನೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಕೊನೆಗೆ ಬಂದರೆ ಹೇಗನ್ನಿಸುತ್ತೆ ಅಂತ ನನ್ನನ್ನು ಕೇಳಬೇಡವ್ವಾ. ನಾನು ಅಲ್ಲಿಯವರೆಗೆ ಹೋಗಲೇ ಇಲ್ಲ. ಹೋಗದೆ ಇದ್ದರೆ ಹೇಗನ್ನಿಸುತ್ತೆ ಅಂದರೆ ಹೇಳಬಲ್ಲೆ.

ಉಗಾದಿಗೆ ಬಂದಾಗ ನೀನು ಸೋರಾ ಅಂದಿದ್ದೆ. ಪಂಚಮಿ ಹೊತ್ತಿಗೆ ಟಿಯಾಗ್ರಾ ಆಯಿತು. ಈಗ 105, ಅದೂ ಮುಂದಿನ ವರ್ಷದ ಮಾಡೆಲ್ ಬರಲಿ ಅನ್ನುತ್ತಿದ್ದೀ. ದುಡ್ಡಿನ ಮಾತಾದರೆ ಸರಿ, ಕಾಯು. ಬೇರೆ ಏನಾದರೂ ಆದರೆ, ಆ ಗೂಟ ನನಗೆ ಚೆನ್ನಾಗಿ ಗೊತ್ತು.

ಒಂದು ಕೆಲಸ ಮಾಡು. ಹಳೇದನ್ನು ಮಾರುವ ಮುಂಚೆ ಒಂದು ಸಲ ನಂದಿ ಹತ್ತಿ ಸಮಯ ಬರೆದಿಡು. ಹೊಸದು ಬಂದ ತಿಂಗಳಿಗೆ ಇನ್ನೊಂದು ಸಲ ಹತ್ತು, ಅದನ್ನೂ ಬರೆದಿಡು. ಎರಡನ್ನೂ ನನಗೆ ಕಳಿಸು. ಕಡಿಮೆ ಬರಲಿ, ಜಾಸ್ತಿ ಬರಲಿ, ಕಳಿಸು. ನನಗೆ ನೋಡಬೇಕು.

ಅಜ್ಜನ ವಿಷಯ ನಿಮ್ಮಪ್ಪನಿಗೆ ಈಗಲೇ ಹೇಳಬೇಡ. ನಾನೇ ಹೇಳುತ್ತೇನೆ. ಈ ದೀಪಾವಳಿಗೆ ಅಂದುಕೊಂಡಿದ್ದೇನೆ.

ನಿನ್ನ ಕಾಕಾ

ತಾ.ಕ.: ಆ ಸೈಕಲ್ಲಿನ ವಾಲ್ವ್ ಸಪೂರ ಇರುತ್ತಂತೆ, ಪೆಟ್ರೋಲ್ ಬಂಕಿನ ಗಾಳಿ ಪೈಪು ಹಿಡಿಯುವುದಿಲ್ಲವಂತೆ. ಪಂಪಿಗೂ ಹೆಲ್ಮೆಟ್ಟಿಗೂ ದುಡ್ಡು ಎತ್ತಿಡು. ಚಿಗವ್ವ ಶೇಂಗಾ ಹಿಂಡಿ ಕಳಿಸಿದ್ದಾಳೆ, ಡಬ್ಬಿ ವಾಪಸ್ ತರುವುದು ಮರೆಯಬೇಡ.