ಓಟ್ಸ್ ಅಂದರೂ ನುಚ್ಚೇ, ತಮ್ಮಾ

ಕಲಬುರಗಿ

ಪ್ರೀತಿಯ ತಮ್ಮಾ,

ನಿನ್ನ ಸೋದರತ್ತಿಯ ಆಶೀರ್ವಾದ. ನೀನು ಕಳಿಸಿದ ನಾಷ್ಟಾದ ಫೋಟೋ ನೋಡಿದೆ. ಮೂರು ನಿಮಿಷದ ಮಸಾಲೆ ಓಟ್ಸ್. "ಅತ್ತಿ, ನಾನೂ ಈಗ ಆರೋಗ್ಯದ್ದೇ ತಿಂತೀನಿ" ಅಂತ ಬರೆದಿದ್ದೀ. ಕೆಳಗೇ "ಹನ್ನೊಂದಕ್ಕೆ ಮತ್ತೆ ಹಸಿವು" ಅಂತಲೂ ಬರೆದಿದ್ದೀ. ಆ ಎರಡನೇ ಮಾತಿಗೇ ಈ ಪತ್ರ.

ನಾವೂ ಅದೇ ದಾರಿ ತುಳಿದವರು. ಮಾಮಾಗೆ ಕೊಲೆಸ್ಟ್ರಾಲ್ ಜಾಸ್ತಿ ಬಂದಾಗ ಡಾಕ್ಟರು ಓಟ್ಸ್ ತಿನ್ನಿ ಅಂದರು. ಜೋಳ ಬೆಳೆಯುವ ಊರಲ್ಲಿ ಕೂತು ಓಟ್ಸ್ ಯಾಕೆ ಅಂತ ನನಗೆ ಸಿಟ್ಟೇ ಬಂತು. ಮಾಮಾ ಮಾತ್ರ ಸೂಪರ್ ಮಾರ್ಕೆಟ್‌ಗೆ ಹೋಗಿ ಆರು ಪಾಕೀಟು ತಂದರು. ಕನ್ನಡಕ ಹಾಕಿಕೊಂಡು ಹಿಂದಿನ ಸಣ್ಣಕ್ಷರ ಓದಿದೆ. ಉಪ್ಪು, ಸಕ್ಕರೆ, ಇನ್ನೂ ಏನೇನೋ. ತಿಂದು ಗಂಟೆ ಕಳೆಯುವುದರೊಳಗೆ ಮಾಮಾ ಚೂಡಾ ಡಬ್ಬಿ ಹುಡುಕುತ್ತಿದ್ದರು.

ಆಮೇಲೆ ಯಾರೋ ಸ್ಟೀಲ್ ಕಟ್ ಓಟ್ಸ್ ಅಂತ ಕೊಟ್ಟರು. ಅಂಗೈಯಲ್ಲಿ ಹಾಕಿಕೊಂಡು ನೋಡಿ ನಕ್ಕುಬಿಟ್ಟೆ. ಇಡೀ ಕಾಳನ್ನು ಎರಡು ಮೂರು ತುಂಡು ಮಾಡಿದ್ದಾರೆ, ಅಷ್ಟೇ. ಇದು ನುಚ್ಚಲ್ವಾ? ಪುಂಡಿ ಪಲ್ಯಕ್ಕೆ ಹಾಕುತ್ತೇವಲ್ಲ, ಅದೇ ಥರದ್ದು. ಅವಲಕ್ಕಿಯಂತೆ ಚಪ್ಪಟೆ ಇರುವ ರೋಲ್ಡ್ ಓಟ್ಸೂ ಇಡೀ ಕಾಳಿನದೇ, ಹಬೆಯಲ್ಲಿ ಮೆತ್ತಗೆ ಮಾಡಿ ಒತ್ತಿರುತ್ತಾರೆ. ಅದೂ ನಡೆಯುತ್ತದೆ. ದಿಢೀರ್ ಪಾಕೀಟಿನದು ತೀರಾ ತೆಳ್ಳಗೆ ಒತ್ತಿದ್ದು. ಹೊಟ್ಟೆಗೆ ಮಾಡಲು ಕೆಲಸವೇ ಉಳಿದಿರುವುದಿಲ್ಲ. ಬೇಗ ಕರಗುತ್ತದೆ, ರಕ್ತದಲ್ಲಿ ಸಕ್ಕರೆಯೂ ಬೇಗ ಏರುತ್ತದೆ.

ಈಗ ಸ್ಟೀಲ್ ಕಟ್ ಓಟ್ಸ್ ಮಾಡುವ ರೀತಿ ಕೇಳು. ಒಬ್ಬರಿಗೆ 40 ಗ್ರಾಂ, ಅಂದರೆ ದೊಡ್ಡ ಚಮಚದಲ್ಲಿ ನಾಲ್ಕು. ರಾತ್ರಿ ಮಲಗುವ ಮುಂಚೆ ತೊಳೆದು, ಮೂರೂವರೆ ಪಾಲು ನೀರಲ್ಲಿ ನೆನೆಹಾಕು. ಬೆಳಿಗ್ಗೆ ಅದೇ ನೀರಿನ ಸಮೇತ ಸಣ್ಣ ಉರಿಯಲ್ಲಿ ಇಡು. ನೆನೆದಿದ್ದರೆ 15 ನಿಮಿಷ ಸಾಕು, ಮರೆತಿದ್ದರೆ ಅರ್ಧ ಗಂಟೆ. ಮುಚ್ಚಳ ಪೂರ್ತಿ ಮುಚ್ಚಬೇಡ, ಹಾಲಿನ ಹಾಗೆ ಉಕ್ಕುತ್ತದೆ. ಮೊದಲ ದಿನ ಒಲೆ ತಿಕ್ಕಲು ನನಗೆ ಅರ್ಧ ಗಂಟೆ ಹಿಡಿಯಿತು. ಕುಕ್ಕರಿನಲ್ಲಿ ನೇರವಾಗಿ ಹಾಕಲೇಬೇಡ, ನೊರೆ ಎದ್ದು ಸೀಟಿಯ ತೂತು ಕಟ್ಟುತ್ತದೆ. ಕುಕ್ಕರೇ ಬೇಕಂದರೆ ಒಳಗೆ ಅರ್ಧಕ್ಕಿಂತ ಕಡಿಮೆ ತುಂಬಿದ ಡಬ್ಬಿ ಇಡು. ಬೆಂದ ಮೇಲೂ ಕಾಳು ಹಲ್ಲಿಗೆ ಸಿಗಬೇಕು. ಗಂಜಿಯಾದರೆ ಕೆಟ್ಟಿತು ಅಂತ ತಿಳಿ.

ಹಾಲು, ಬೆಲ್ಲ ಹಾಕಿ ತಿನ್ನುವವರು ತಿನ್ನಲಿ. ನಮ್ಮ ಬಾಯಿಗೆ ಅದು ಸೇರಲಿಲ್ಲ. ಆರಿಸಿ, ಮಜ್ಜಿಗೆ ಹಾಕಿ, ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಮೇಲೊಂದು ಚಮಚ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ಹಿಂಡಿಯಲ್ಲಿ ಉಪ್ಪಿದೆ, ಮತ್ತೆ ಹಾಕಬೇಡ. ಚಳಿಗಾಲದಲ್ಲಿ ಒಂದು ಹಿಡಿ ತೊಗರಿಬೇಳೆ ಬೇರೆ ಬೇಯಿಸಿ ಕಲಸಿ, ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತೇನೆ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು ಸಿಕ್ಕಿದೆ, ಗೊತ್ತಲ್ಲ? ಬೆಂಗಳೂರಲ್ಲಿ ಯಾವುದೋ ಬೇಳೆ ತರಬೇಡ, ನಾನೇ ಕಳಿಸುತ್ತೇನೆ.

ಡಾಕ್ಟರ ಮೇಲಿನ ಸಿಟ್ಟು ಮಾತ್ರ ಆಮೇಲೆ ಇಳಿಯಿತು. ಓಟ್ಸ್ ಬೇಯುವಾಗ ಲೋಳೆಲೋಳೆ ಆಗುತ್ತದಲ್ಲ, ಆ ನಾರಿಗೆ ಬೀಟಾ ಗ್ಲೂಕನ್ ಅನ್ನುತ್ತಾರೆ. ಕೊಲೆಸ್ಟ್ರಾಲ್ ಇಳಿಸುವುದು ಅದೇ. ದಿನಕ್ಕೆ 3 ಗ್ರಾಂ ಹೊಟ್ಟೆಗೆ ಹೋಗಬೇಕಂತೆ, 40 ಗ್ರಾಂ ಓಟ್ಸಿನಲ್ಲಿ ಅದರ ಅರ್ಧದಷ್ಟು ಸಿಗುತ್ತದೆ. ಜೋಳದಲ್ಲಿ ಅದು ಅಷ್ಟಿಲ್ಲ, ಒಪ್ಪಿಕೊಂಡೆ. ಹಾಗಂತ ರೊಟ್ಟಿ ಬಿಟ್ಟಿಲ್ಲ. ಮಾಮಾ ಬೆಳಿಗ್ಗೆ ಓಟ್ಸ್ ನುಚ್ಚು, ಮಧ್ಯಾಹ್ನ ಜೋಳದ ರೊಟ್ಟಿ, ಮಾತ್ರೆ ಡಾಕ್ಟರು ಹೇಳಿದಷ್ಟು. ಓಟ್ಸ್ ತಿಂದೆ ಅಂತ ಮಾತ್ರೆ ಬಿಡುವ ಹುಚ್ಚು ಮಾತ್ರ ಬೇಡ.

ಒಮ್ಮೆಗೇ ಐದು ಕಿಲೋ ತಂದಿಡಬೇಡ. ಓಟ್ಸಿನಲ್ಲಿ ಎಣ್ಣೆಯಂಶ ಜಾಸ್ತಿ, ಬಿಸಿಲಿಗೆ ಕಮಟು ವಾಸನೆ ಹಿಡಿಯುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಅರ್ಧ ಕಿಲೋ ತಂದು ಫ್ರಿಜ್‌ನಲ್ಲೇ ಇಡುತ್ತೇನೆ.

ರೂಮಿನಲ್ಲಿ ದಪ್ಪ ತಳದ ಪಾತ್ರೆ ಇಲ್ಲ ಅಂದಿದ್ದೆ. ಪಂಚಮಿಗೆ ಬಂದಾಗ ನಮ್ಮ ಹಳೇದು ತಗೊಂಡು ಹೋಗು. ಬರುವಾಗ ಹಿಂಡಿಯ ಖಾಲಿ ಡಬ್ಬಿ ತಾ. ಮೂರು ನಿನ್ನ ಹತ್ತಿರವೇ ಇವೆ, ನಾನು ಲೆಕ್ಕ ಇಟ್ಟಿದ್ದೇನೆ.

ನಿನ್ನ,
ಅತ್ತಿ